ಮಾವನ ಕಿಟಕಿಯ ಕೆಳಗಿನ ಸುಗಂಧಿ

ಬೆಳಕು ಹರಿಯುವುದರೊಳಗೆ ಅವಳು ಮುಗಿಸುವ ಕೆಲಸಗಳು ಇಷ್ಟು. ಬೀದಿಯ ನಲ್ಲಿಗೆ ಬಕೆಟ್ ಇಟ್ಟು ಸರದಿ ಹಿಡಿಯುವುದು. ನೀರು ಬರುವ ಮುಂಚೆ ನಲ್ಲಿ ಬುಸ್ಸೆಂದು ಗಾಳಿ ಬಿಡುತ್ತದಲ್ಲ, ಅಷ್ಟರಲ್ಲಿ ಒಳಗೆ ಓಡಿ ರಾತ್ರಿಯ ಪಾತ್ರೆ ತಿಕ್ಕಿ ಬೋರಲು ಹಾಕುವುದು. ತೊಟ್ಟಿ ತುಂಬಿಸುವುದು. ಮಾವನ ಕೋಣೆಯ ಹೊಸ್ತಿಲ ಬಳಿ ಬಿಸಿನೀರಿನ ಫ್ಲಾಸ್ಕ್ ಇಡುವುದು. ಸದ್ದಾದರೆ ನಿದ್ದೆ ಕೆಟ್ಟಿತೆಂದೂ, ಸದ್ದಾಗದಿದ್ದರೆ ಇಟ್ಟದ್ದೇ ಗೊತ್ತಾಗಲಿಲ್ಲವೆಂದೂ ಬೈಗುಳ. ಗಂಡನ ಇವತ್ತಿನ ಷರ್ಟಿಗೆ ಇಸ್ತ್ರಿ ಹಾಕಿ ನಿನ್ನೆಯ ಷರ್ಟಿನ ಕಾಲರಿಗೆ ಸೋಪು ಹಚ್ಚುವುದು. ಅಂಗಳ ಗುಡಿಸುವುದು. ತರಕಾರಿ ಹೆಚ್ಚುವುದು. ಇವೆಲ್ಲ ಆದ ಮೇಲೆ, ಗಂಡಸರ ಕೋಣೆಗಳಲ್ಲಿ ಇನ್ನೂ ಗೊರಕೆ ಕೇಳುತ್ತಿರುವಾಗಲೇ, ಹಿತ್ತಲಿಗೆ ಹೋಗಿ ತನ್ನ ಸೇಡಿಗೆ ಆರೈಕೆ ಮಾಡುವುದು.

ಸೇಡು ಆಗ ಮೊಣಕಾಲೆತ್ತರ ಬೆಳೆದಿತ್ತು. ಉದ್ದನೆಯ ಹಸಿರೆಲೆ, ಶುಂಠಿಯಂಥ ಗಡ್ಡೆ. ಹೂವು ಇನ್ನೂ ಬಂದಿರಲಿಲ್ಲ. ಹೆಸರು ಸುರುಳಿ ಸುಗಂಧಿ. ಹಳ್ಳದ ದಂಡೆಯಲ್ಲಿ ಯಾರೂ ನೆಡದೆ, ಯಾರನ್ನೂ ಕೇಳದೆ ಏಳುವ ಈ ಮಣ್ಣಿನದೇ ಗಿಡ. ಕುಂಡಗಳಲ್ಲಿ ದೂರದೇಶದ ಬಣ್ಣದ ಗಿಡ ಸಾಕುವವರು ಇದನ್ನು ಕಳೆ ಎನ್ನುತ್ತಾರೆ. ಒಮ್ಮೆ ಬೇರೂರಿದರೆ ವರ್ಷವರ್ಷವೂ ಅದೇ ಗಡ್ಡೆಯಿಂದ ಹೊಸ ಮೊಳಕೆ. ಒಣಗಿ ಸತ್ತೇ ಹೋಯಿತು ಅಂದುಕೊಂಡ ಜಾಗದಲ್ಲಿ ಮತ್ತೆ ತಲೆ ಎತ್ತುವ ಜಾತಿ. ಆ ಗುಣವನ್ನು ನೋಡಿಯೇ ಅವಳಿಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು.

ಬೀದಿಯಲ್ಲಿ ಅವಳ ಹೆಸರು ಬಕೆಟ್ಟಕ್ಕ. ಪಕ್ಕದ ಮನೆಯ ಟೈಲರಮ್ಮ ಇಟ್ಟ ಹೆಸರು ಅದು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಕೂತ ಟೈಲರಮ್ಮನಿಗೆ ಬೀದಿಯವರೆಲ್ಲರ ಅಳತೆ ಗೊತ್ತು, ಮೈಯದ್ದೂ ಮನಸ್ಸಿನದ್ದೂ. "ನಿಮ್ಮ ಮನೇಲಿ ಗಂಡ ಹೆಂಡ್ತಿ ಇಬ್ರೂ ಬಕೆಟ್ ಹಿಡಿಯೋರೇ ಕಣೇ," ಎಂದು ಬಾಯಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದಳು. "ಅವನು ಆಫೀಸಲ್ಲಿ ಸಾಹೇಬರ ಮುಂದೆ ಹಿಡೀತಾನೆ, ನೀನು ನಲ್ಲಿ ಮುಂದೆ. ನಿನ್ನದ್ರಲ್ಲಿ ನೀರಾದ್ರೂ ಇರುತ್ತೆ, ಬಿಡು."

ಮನೆಯಲ್ಲಿದ್ದದ್ದು ಮೂರೇ ಜನ: ಅವಳು, ಗಂಡ, ಮಾವ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಾಗಲಿಲ್ಲ, ಅದಕ್ಕೆ ಯಾರು ಹೊಣೆ ಎಂದು ಯಾರೂ ಪರೀಕ್ಷೆ ಮಾಡಿಸದೆಯೇ ತೀರ್ಮಾನವಾಗಿತ್ತು. ಗಂಡ ಆಫೀಸಿನಲ್ಲಿ ನಡುವಿನ ಮೇಜಿನವನು, ಕಣ್ಣು ಮಾತ್ರ ಸದಾ ಮೇಲಿನ ಮೇಜಿನ ಮೇಲೆ. ಮಾವ ದೊಡ್ಡ ಗೋದಾಮಿನಲ್ಲಿ ಮೇಸ್ತ್ರಿಯಾಗಿದ್ದವರು. ಅವರು ಕೆಮ್ಮಿದರೆ ಲಾರಿ ಡ್ರೈವರುಗಳು ಬೀಡಿ ಆರಿಸುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಗೋದಾಮು ಮನೆಗೇ ಬಂತು, ಹಮಾಲರ ಜಾಗಕ್ಕೆ ಸೊಸೆ ಬಂದಳು.

ಇಂಥ ಮಾವನಿಗೆ ಜಗತ್ತಿನಲ್ಲಿ ಒಂದೇ ಒಂದು ಭಯ ಇತ್ತು. ರಾತ್ರಿ ದೀಪಕ್ಕೆ ಬರುವ ಚಿಟ್ಟೆ.

ಮಗನಿಗೆ ಈ ವಿಷಯ ಗೊತ್ತಿರಲಿಲ್ಲ. ದಿಂಬಿನ ಕೆಳಗೆ ಸಿಗುವ ಹತ್ತಿಯ ಉಂಡೆಗಳನ್ನು ಆಯುವವಳಿಗೆ, ಹಾಸಿಗೆ ಕೊಡವುವವಳಿಗೆ, ಮುಸ್ಸಂಜೆ ಪೊರಕೆ ಹಿಡಿದು ಓಡಿ ಬರಬೇಕಾದವಳಿಗೆ ಗೊತ್ತಾಗದೆ ಇರುತ್ತದೆಯೇ? ಅತ್ತೆ ಬದುಕಿದ್ದಾಗ ಒಮ್ಮೆ ಪಿಸುಗುಟ್ಟಿದ್ದರು. ಪ್ರಾಯದಲ್ಲಿ ಗೋದಾಮಿನ ಬಲ್ಬಿನ ಕೆಳಗೆ ಮಲಗಿದ್ದಾಗ ಒಂದು ಚಿಟ್ಟೆ ಅವರ ಕಿವಿಯೊಳಗೆ ಹೊಕ್ಕಿತ್ತಂತೆ. ಬೆಳಗಿನವರೆಗೂ ಒಳಗೇ ರೆಕ್ಕೆ ಬಡಿಯಿತಂತೆ. ವೈದ್ಯರು ಎಣ್ಣೆ ಹುಯ್ದು ತೆಗೆಯುವಷ್ಟರಲ್ಲಿ ಮಾವ ಗೋಡೆಗೆ ತಲೆ ಚಚ್ಚಿಕೊಂಡು ಹಣೆ ಒಡೆದುಕೊಂಡಿದ್ದರಂತೆ. ಅಂದಿನಿಂದ ಅವರು ಅದರ ಹೆಸರನ್ನೂ ಹೇಳುವುದಿಲ್ಲ. ಸಂಜೆ ಕೋಣೆಯಿಂದ ಒಂದೇ ಕೂಗು: "ಇವಳೇ! ಅದು ಬಂದಿದೆ!" ಅವಳು ಹೋಗಿ ಹೊಡೆದು, ಸತ್ತದ್ದನ್ನು ಕಾಗದದಲ್ಲಿ ಎತ್ತಿ, ಸತ್ತಿದೆ ಎಂದು ತೋರಿಸಿಯೇ ಆಚೆ ಎಸೆಯಬೇಕು. ಇದನ್ನು ಅವಳು ವರ್ಷಗಟ್ಟಲೆ ಮಾಡಿದಳು. ಒಂದು ಸಲವೂ ಯಾರ ಬಳಿಯೂ ಬಾಯಿ ಬಿಡಲಿಲ್ಲ. ದೊಡ್ಡವರ ಮಾನ ಎಂದುಕೊಂಡಿದ್ದಳು.

ಆಮೇಲೆ ಆ ಭಾನುವಾರ ಬಂತು.

ಗಂಡನ ಸಾಹೇಬರು ಸಂಸಾರ ಸಮೇತ ಊಟಕ್ಕೆ ಬರುವವರಿದ್ದರು. ನಸುಕಿಗೇ ಒಲೆಯ ಮುಂದೆ ನಿಂತವಳು ಮಧ್ಯಾಹ್ನದವರೆಗೂ ಕೂರಲಿಲ್ಲ. ಹೊರಗೆ ಹಾಲ್‌ನಲ್ಲಿ ಫೋನು ಹೊಡೆದುಕೊಂಡದ್ದು ಒಗ್ಗರಣೆಯ ಸದ್ದಿನ ನಡುವೆ ಕೇಳಿಸಿತ್ತು, ಯಾರೋ ಎತ್ತಿದ್ದೂ ಗೊತ್ತಾಗಿತ್ತು. ಬಡಿಸಿದಳು. ಸಾಹೇಬರ ಹೆಂಡತಿ "ಕೈರುಚಿ ಅಂದ್ರೆ ಇದು" ಎಂದಾಗ ನಕ್ಕಳು. ಇನ್ನೊಂದು ಸಲ ಬಡಿಸಿದಳು. ತಟ್ಟೆ ಎತ್ತಿದಳು, ತೊಳೆದಳು, ಒರೆಸಿ ಜೋಡಿಸಿದಳು. ಅತಿಥಿಗಳು ಗೇಟು ದಾಟಿದ ಮೇಲೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಿಮ್ಮಮ್ಮನಿಗೆ ಜೋರಾಗಿದೆಯಂತೆ. ಮಧ್ಯಾಹ್ನಾನೇ ನಿಮ್ಮಣ್ಣ ಫೋನ್ ಮಾಡಿದ್ದ. ನಾನೇ ಎತ್ತಿದ್ದು. ಊಟ ಮುಗೀಲಿ ಅಂತ ಸುಮ್ಮನಿದ್ದೆ. ಹೋಗು, ಹೊರಡು."

ಹಾಲಿನ ಕುರ್ಚಿಯಲ್ಲಿ ಕೂತ ಗಂಡ ಕಾಲ ಉಗುರು ನೋಡಿಕೊಳ್ಳುತ್ತಿದ್ದ.

ಅವಳು ತವರು ತಲುಪುವಾಗ ಅಮ್ಮನ ಮುಖದ ಮೇಲೆ ಬಟ್ಟೆ ಮುಚ್ಚಿತ್ತು. ಅಣ್ಣ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಅಂದ: "ಹೊರಟಿದಾಳೆ, ಬಸ್ಸಲ್ಲಿದಾಳೆ ಅಂದ್ರು ಫೋನಲ್ಲಿ. ಅಮ್ಮ ಬಾಗಿಲು ಮುಚ್ಚೋಕೇ ಬಿಡಲಿಲ್ಲ. ಯಾವ ಬಸ್ಸಮ್ಮಾ ಅದು, ನಮ್ಮೂರಿಗೆ ಬರೋಕೆ ರಾತ್ರಿ ಆಗೋದು?" ಅವಳು ಬಾಯಿ ತೆರೆದಳು. ನಾನು ತಟ್ಟೆ ತೊಳೆಯುತ್ತಿದ್ದೆ ಎಂದು ಹೇಳಬೇಕಿತ್ತು. ಆ ಮಾತು ಸಾವಿನ ಮನೆಯಲ್ಲಿ ಆಡುವಂಥದ್ದಾಗಿರಲಿಲ್ಲ. ಅಂದಿನಿಂದ ಅಣ್ಣನ ಮನೆಯ ಬಾಗಿಲು ಅವಳಿಗೆ ಇಲ್ಲ.

ವಾಪಸ್ ಬರುವಾಗ ಸಂಜೆ, ಹಳ್ಳದ ಪಕ್ಕದ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾದಳು. ಕತ್ತಲು ಕವಿಯುತ್ತಿದ್ದ ಹಾಗೆ ದಂಡೆಯುದ್ದಕ್ಕೂ ಬಿಳಿ ಹೂವುಗಳು ಸುರುಳಿ ಬಿಚ್ಚಿಕೊಂಡವು. ಮೊದಲು ವಾಸನೆ ಬಂತು, ಆಮೇಲೆ ಅವು ಬಂದವು, ರಾತ್ರಿಯ ಚಿಟ್ಟೆಗಳು. ಹೆಬ್ಬೆರಳ ಗಾತ್ರದ ಮೈ, ಕಣ್ಣಿಗೆ ಕಾಣಿಸದಷ್ಟು ಬೇಗ ಬಡಿಯುವ ರೆಕ್ಕೆ. ಒಂದೊಂದೂ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಗಡಿಯಾರದ ಸ್ಪ್ರಿಂಗಿನಂಥ ನಾಲಿಗೆ ಬಿಚ್ಚಿ, ಹೂವಿನ ಉದ್ದ ಕೊಳವೆಗೆ ಇಳಿಸಿ ಹೀರುತ್ತಿತ್ತು. ಆಚೆ ಕೂತಿದ್ದ ಹೆಂಗಸು "ಅಯ್ಯೋ ಎಷ್ಟು ಚಂದ!" ಎಂದಳು. ಇವಳಿಗೆ ಮಾವನ ಕಿವಿ ನೆನಪಾಯಿತು. ಆ ನೆನಪಾದದ್ದೇ ತಡ, ಅಳು ನಿಂತುಹೋಯಿತು. ಬಗ್ಗಿ, ಬೆರಳಿನಿಂದ ಕೆಸರು ಕೆದಕಿ, ಮೊಳಕೆಯಿದ್ದ ಒಂದು ಗಡ್ಡೆ ಮುರಿದು ಚೀಲಕ್ಕೆ ಹಾಕಿಕೊಂಡಳು.

ಆ ಮೊದಲ ಗಡ್ಡೆಯ ಗತಿ ಏನಾಯಿತು ಗೊತ್ತೇ? ಮನೆಗೆ ಬಂದವಳಿಗೆ ಜ್ವರ ಏರಿತು. ಗಡ್ಡೆಯನ್ನು ಅಡುಗೆಮನೆಯ ಬುಟ್ಟಿಯಲ್ಲಿಟ್ಟು ಮಲಗಿಬಿಟ್ಟಳು. ಮರುದಿನ ಗಂಡ ಜನ್ಮದಲ್ಲಿ ಮೊದಲ ಸಲ ಒಲೆಯ ಮುಂದೆ ನಿಂತ. ಶುಂಠಿ ಟೀ ಮಾಡುತ್ತೇನೆಂದು ಹೊರಟವನಿಗೆ ಶುಂಠಿಗೂ ಸುಗಂಧಿಗೂ ವ್ಯತ್ಯಾಸ ಗೊತ್ತಿಲ್ಲ. ಇಡೀ ಗಡ್ಡೆಯನ್ನು ಜಜ್ಜಿ ಕುದಿಸಿ, ಸೋಸಿ, ಅಪ್ಪನಿಗೂ ಕೊಟ್ಟು ತಾನೂ ಕುಡಿದ. ಅವಳು ಹಾಸಿಗೆಯಿಂದಲೇ ಕೇಳಿಸಿಕೊಂಡಳು.

"ಅಪ್ಪಾ, ಹೇಗಿದೆ?"

"ಪರವಾಗಿಲ್ಲ ಕಣೋ. ಅವಳು ಮಾಡೋದಕ್ಕಿಂತ ಘಮ ಇದೆ."

ಇಬ್ಬರೂ ಅವಳ ಸೇಡನ್ನು ಚಪ್ಪರಿಸಿ ಕುಡಿದು ಲೋಟವನ್ನು ಅವಳು ತೊಳೆಯಲಿ ಎಂದು ಅಲ್ಲೇ ಇಟ್ಟರು. ಆ ಒಂದು ಟೀಯ ಕತೆಯನ್ನು ಗಂಡ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ: "ಮನೆಕೆಲಸದಲ್ಲಿ ನಾನೂ ಕೈ ಜೋಡಿಸ್ತೀನಪ್ಪ."

ಜ್ವರ ಬಿಟ್ಟ ಮೇಲೆ ಅವಳು ಊರಾಚೆಯ ಕಾಲುವೆಗೆ ಹೋಗಿ ಇನ್ನೊಂದು ಗಡ್ಡೆ ತಂದಳು. ಇದನ್ನು ಬುಟ್ಟಿಗೆ ಹಾಕದೆ ನೇರ ಮಣ್ಣಿಗೆ ಹಾಕಿದಳು, ಮಾವನ ಕೋಣೆಯ ಕಿಟಕಿಯ ಕೆಳಗೆ. ಮಾವನಿಗೆ ಉಬ್ಬಸ. ಗಾಳಿ ಬೇಕು, ಆ ಕಿಟಕಿ ಮುಚ್ಚುವ ಹಾಗಿಲ್ಲ. ಅದರ ಪಕ್ಕದಲ್ಲೇ ಅಡುಗೆಮನೆಯ ಮೋರಿ ಹಿತ್ತಲಿಗೆ ಬೀಳುತ್ತದೆ. ಸುಗಂಧಿಗೆ ಕಾಲಡಿ ಯಾವಾಗಲೂ ತೇವ ಇರಬೇಕು. ಹಾಗಾಗಿ ಅವಳು ಒಡೆದ ಹೆಂಚಿನ ಚೂರು ಅಡ್ಡ ಇಟ್ಟು, ಸೋಪಿನ ನೀರನ್ನು ಒಂದು ಕಡೆಗೂ, ಪಾತ್ರೆ ಜಾಲಿಸಿದ ತಿಳಿನೀರನ್ನು ಗಿಡದ ಕಡೆಗೂ ತಿರುಗಿಸಿದಳು. ಮೂರು ಹೊತ್ತು ತೊಳೆದ ತಟ್ಟೆ, ಲೋಟ, ಪಾತ್ರೆಗಳ ನೀರೆಲ್ಲ ಸೇಡಿನ ಬುಡಕ್ಕೇ ಹೋಯಿತು. ಅದುವರೆಗೆ ಅವಳು ಪಾತ್ರೆ ತೊಳೆದದ್ದಕ್ಕೆ ಒಂದು ಫಲ ಅಂತ ಕಂಡಿರಲಿಲ್ಲ.

ಗಡ್ಡೆಯನ್ನು ಆಳಕ್ಕೆ ಹೂಳಿದರೆ ಕೊಳೆಯುತ್ತದೆ. ಮಲಗಿಸಿ, ಮೊಳಕೆಯ ಕಣ್ಣು ಮೇಲಕ್ಕೆ ಬರುವ ಹಾಗೆ, ಬೆನ್ನು ಮಾತ್ರ ಮುಚ್ಚುವಷ್ಟು ಮಣ್ಣು ಹಾಕಬೇಕು. ಎಳೆ ಮೊಳಕೆ ಕಂಡರೆ ಬಸವನಹುಳುಗಳಿಗೆ ಹಬ್ಬದೂಟ; ನಸುಕಿನಲ್ಲಿ ಒಂದೊಂದನ್ನೇ ಆರಿಸಿ ಆಚೆ ಎಸೆಯಬೇಕು. ಸೊಪ್ಪಿನ ಕಸ, ಒಣಗಿದ ಎಲೆ ತಂದು ಬುಡಕ್ಕೆ ಹೊದಿಸಬೇಕು. ಮೊದಲ ವರ್ಷ ಎಲೆ ಮಾತ್ರ ಬಂತು. ಬೇಸಗೆಯಲ್ಲಿ ಅದೂ ಸುಟ್ಟು ಮಲಗಿತು. ಟೈಲರಮ್ಮ ಗೋಡೆಯ ಮೇಲಿಂದ ಇಣುಕಿದಳು. ಇಡೀ ಬೀದಿಯಲ್ಲಿ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಏನೇ, ನಿನ್ನ ಸೇಡು ಸತ್ತೋಯ್ತಾ?"

"ಮಲಗಿದೆ ಅಷ್ಟೆ. ಗಡ್ಡೆ ಗಟ್ಟಿಯಾಗಿದೆ."

"ಅಲ್ಲ ಕಣೇ, ಜನ ಸೇಡು ತೀರಿಸ್ಕೊಂಡ್ರೆ ಎದುರಾಳಿ ಬೆವರು ಇಳಿಯುತ್ತೆ. ನೀನು ನೋಡಿದ್ರೆ ಮಣ್ಣು ಹೊತ್ತು ಗೊಬ್ಬರ ಹೊತ್ತು ನೀನೇ ಬೆವರ್ತಿದೀಯ. ಸೇಡಿಗೂ ಚಾಕರಿ ಮಾಡ್ಬೇಕಾ? ಏನು ಹಣೆಬರಹಾನಮ್ಮ ನಿಂದು!"

"ಬೇರೆಯವರ ಹತ್ರ ಮಾಡಿಸೋಕೆ ನನಗೇನು ಸೊಸೆ ಇದಾಳಾ?"

ಟೈಲರಮ್ಮ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಆಮೇಲೆ ಮುಖ ಗಂಭೀರ ಮಾಡಿ ಕೇಳಿದಳು: "ಹೂವು ಬಿಡ್ತು ಅಂತಿಟ್ಕೋ. ಮುದುಕ ಹೆದರಿದ ಅಂತಾನೂ ಇಟ್ಕೋ. ನಿನಗೇನು ಸಿಗುತ್ತೆ?"

ಅವಳು ಯೋಚಿಸಿ ಹೇಳಿದಳು. "ಅವರು ಒಂದು ಮಾತು ಹೇಳ್ಬೇಕು. ಅವಳು ಹೊರಟಿರಲಿಲ್ಲ, ನಾನು ಅವಳಿಗೆ ಹೇಳೇ ಇರಲಿಲ್ಲ ಅಂತ. ನಮ್ಮಣ್ಣನಿಗೆ ಕೇಳೋ ಹಾಗೆ ಹೇಳ್ಬೇಕು. ಅಷ್ಟೇ ನನಗೆ ಬೇಕಿರೋದು."

ಎರಡನೆಯ ವರ್ಷ ಗಡ್ಡೆ ಹಬ್ಬಿ ಪೊದೆಯಾಯಿತು. ಮಾವ ಕಿಟಕಿಯಿಂದ ನೋಡಿ, "ಏನದು, ಅರಿಸಿನಾನಾ?" ಎಂದರು. "ಔಷಧಿ ಗಿಡ ಮಾವ" ಎಂದಳು. ಯಾರ ಕಾಯಿಲೆಗೆ ಎಂದು ಅವರು ಕೇಳಲಿಲ್ಲ. ಮೂರನೆಯ ವರ್ಷ ಮಳೆ ಹಿಡಿದು ಬಿಟ್ಟ ಮೇಲೆ ಕಿಟಕಿಯ ಸರಳಿನ ಎತ್ತರಕ್ಕೆ ಕಾಂಡಗಳು ಏರಿ, ತುದಿಯಲ್ಲಿ ಹಸಿರು ಮೊಗ್ಗಿನ ತೆನೆ ಕಟ್ಟಿತು. ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದವಳ ಮೂಗಿಗೆ ವಾಸನೆ ಬಡಿಯಿತು. ಕೈಯ ಸೋಪು ಒರೆಸಿಕೊಳ್ಳದೆ ಓಡಿದಳು. ಬಿಳಿ, ಅಚ್ಚ ಬಿಳಿ. ನೋಡುತ್ತ ನಿಂತವಳಿಗೆ ತಾನು ಯಾಕೆ ಇದನ್ನು ನೆಟ್ಟೆ ಎಂಬುದೇ ಒಂದು ಗಳಿಗೆ ಮರೆತಿತ್ತು.

ಮರೆತದ್ದನ್ನು ಮಾವ ನೆನಪಿಸಿದರು. "ಇವಳೇ! ಅದು ಬಂದಿದೆ!"

ಹಿಂದೆಲ್ಲ ಬರುತ್ತಿದ್ದದ್ದು ಬೂದು ಬಣ್ಣದ, ಬೆರಳುಗುರಿನಷ್ಟರ ಪುಟ್ಟ ಹುಳುಗಳು. ಈಗ ಬಂದದ್ದು ಹಳ್ಳದ ದಂಡೆಯವು. ಹೂವಿನಿಂದ ಹೂವಿಗೆ ಹೋಗುವ ದಾರಿಯಲ್ಲಿ ಮಾವನ ಕೋಣೆಯ ದೀಪ ಕಂಡು, ಸರಳಿನ ನಡುವೆ ನುಗ್ಗಿ, ಗೋಡೆಗೆ, ಸೂರಿಗೆ, ಬಲ್ಬಿಗೆ ಧಪ್ ಧಪ್ ಎಂದು ಬಡಿಯತೊಡಗಿದವು. ಅವಳು ತೊಟ್ಟಿಯ ನೀರನ್ನು ಸದ್ದಾಗುವಂತೆ ಮೊಗೆದು ಒಂದು ಪಾತ್ರೆಯನ್ನು ಎರಡು ಸಲ ತೊಳೆದಳು. ಆಮೇಲೆ ಪೊರಕೆ ಹಿಡಿದು ನಿಧಾನ ನಡೆದು ಹೋದಳು.

"ಕರೆದ್ರಾ ಮಾವ? ಕೆಲಸದಲ್ಲಿದ್ದೆ, ಕೇಳಿಸಲಿಲ್ಲ."

ಕಂಬಳಿಯೊಳಗಿಂದ ಮಾವನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

ಹೂವು ಒಂದು ದಿನದ್ದು, ತೆನೆ ವಾರಗಳದ್ದು. ದಿನವೂ ಹೊಸ ಹೂವು, ದಿನವೂ ಹೊಸ ಅತಿಥಿಗಳು. ದೀಪ ಆರಿಸಿದರೆ ಅವು ತಾವಾಗಿ ಹೂವಿಗೆ ಮರಳುತ್ತವೆ ಎಂಬುದು ಅವಳಿಗೆ ತಿಳಿದಿತ್ತು. ಅದನ್ನು ಮಾವನಿಗೆ ಹೇಳಲಿಲ್ಲ. ಕಿಟಕಿಗೆ ಜಾಲರಿ ಹಾಕಿಸು ಎಂದು ಮಗನಿಗೆ ಹೇಳಲು ಮಾವನಿಗೂ ಬಾಯಿಲ್ಲ. ಯಾಕೆ ಎಂದು ಅವನು ಕೇಳಿದರೆ? ಸೊಳ್ಳೆಗೆ ಎಂದರೆ "ಬತ್ತಿ ಹಚ್ಕೊಳ್ಳಿ" ಎಂದಾನು. ಲಾರಿ ಡ್ರೈವರುಗಳನ್ನು ನಡುಗಿಸಿದವರು ಚಿಟ್ಟೆಗೆ ಹೆದರುತ್ತೇನೆಂದು ಹೇಗೆ ಹೇಳುತ್ತಾರೆ? ಅವರು ಸಂಜೆಯಾದರೆ ಹಾಲಿಗೆ ಬಂದು ಕೂರತೊಡಗಿದರು. ಊಟ ಕಡಿಮೆಯಾಯಿತು. ಗಂಟಲು ಸಣ್ಣದಾಯಿತು. ಫ್ಲಾಸ್ಕಿನ ಸದ್ದಿಗೆ ಬೈಯುವುದು ಮರೆತುಹೋಯಿತು. ಅವಳಿಗೆ ಪಾಪ ಅನ್ನಿಸಿತೇ ಎಂದರೆ, ಇಲ್ಲ. ಅವಳು ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದಳು.

ಗಂಡ ಆಫೀಸಿನ ಕೆಲಸಕ್ಕೆಂದು ಪರ ಊರಿಗೆ ಹೋದ ದಿನ ಅವಳು ಕಾದಿದ್ದ ಹೊತ್ತು ಬಂತು. ಹಾಲಿನ ಬಲ್ಬು ಸುಟ್ಟಿತ್ತು; ಹೊಸದನ್ನು ಅವಳು ತಂದಿರಲಿಲ್ಲ. ಮಾವ ಕೋಣೆಯಲ್ಲೇ ಕೂರಬೇಕಾಯಿತು. ಮುಸ್ಸಂಜೆಗೆ ದೊಡ್ಡದೊಂದು ಒಳಗೆ ನುಗ್ಗಿತು. ಮಾವ ಕರೆಯುವ ಮೊದಲೇ ಅವಳು ಹೋಗಿ ಬಾಗಿಲಲ್ಲಿ ನಿಂತಳು, ಪೊರಕೆಯನ್ನು ಕೈಯಲ್ಲಿ ಹಿಡಿದು, ಎತ್ತದೆ.

"ಹೊಡಿಯೇ! ಏನ್ ನೋಡ್ತಾ ನಿಂತಿದೀಯ?"

"ಹೊಡೀತೀನಿ. ಮೊದಲು ಒಂದು ಮಾತು ಹೇಳಿ ಮಾವ. ಅವತ್ತು ಸಾಹೇಬರು ಊಟಕ್ಕೆ ಬಂದಾಗ ನಮ್ಮಣ್ಣ ಫೋನ್ ಮಾಡಿದ್ನಲ್ಲ. ಏನಂದ? ನೀವೇನಂದ್ರಿ?"

"ಇದೇನಾ ಅದಕ್ಕೆ ಹೊತ್ತು? ಅಯ್ಯೋ, ತಲೆ ಮೇಲೆ ಬಂತು! ಓಡಿಸೇ!"

"ಹೇಳಿ."

ಚಿಟ್ಟೆ ಬಲ್ಬಿಗೆ ಬಡಿದು ಮಂಚದ ಮೇಲೆ ಬಿತ್ತು, ಕಂಬಳಿಯ ಮೇಲೆ ಗಿರಗಿರ ಸುತ್ತಿತು. ಮಾವ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿದರು. ಆ ಗಂಟಲಿನಿಂದ ಅಂಥ ದನಿ ಬರಬಹುದೆಂದು ಅವಳು ಎಣಿಸಿರಲಿಲ್ಲ, ಮಗುವಿನ ದನಿ.

"ನಾನು ಎತ್ತಲೇ ಇಲ್ಲ ಕಣೇ! ಫೋನ್ ಎತ್ತಿದ್ದು ಅವನು!"

"ಯಾರು?"

"ನಿನ್ನ ಗಂಡ! ಹೊರಟಿದಾಳೆ, ಬಸ್ಸಲ್ಲಿದಾಳೆ ಅಂತ ಅವನೇ ಹೇಳಿದ್ದು. ಇವತ್ತು ಊಟ ಕೆಟ್ಟರೆ ನನ್ನ ಪ್ರಮೋಷನ್ ಹೋಗುತ್ತಪ್ಪಾ ಅಂದ. ನಾನು ಹೇಳೋಣ ಅಂದೆ, ಕೇಳಲಿಲ್ಲ. ಆಮೇಲೆ, ಅಪ್ಪಾ ನೀನೇ ಎತ್ತಿದೆ ಅಂತ ಹೇಳಿಬಿಡು, ನಿನ್ನ ಮೇಲಾದ್ರೆ ಅವಳು ಬಾಯಿ ಬಿಡಲ್ಲ ಅಂದ. ನಾನು ಒಪ್ಕೊಂಡೆ. ಅಷ್ಟೇ ನಾನು ಮಾಡಿದ್ದು! ಓಡಿಸೇ ಅದನ್ನ!"

ಅವಳು ದೀಪ ಆರಿಸಿದಳು. ಕತ್ತಲಲ್ಲಿ ಚಿಟ್ಟೆ ಎದ್ದು, ಒಮ್ಮೆ ಗೋಡೆ ಸವರಿ, ಕಿಟಕಿಯಿಂದ ಆಚೆ ಹೂವಿಗೆ ಹೋಯಿತು. ಮೂರು ವರ್ಷ ನೀರೆರೆದದ್ದು ಯಾರ ಕಿಟಕಿಗೆ ಎಂದು ಯೋಚಿಸುತ್ತ ಅವಳು ಹಾಗೇ ನಿಂತಳು. ಯೋಚಿಸಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಗಂಡನಿಗೆ ಚಿಟ್ಟೆಯ ಹೆದರಿಕೆ ಇಲ್ಲ.

"ಈ ಮಾತನ್ನ ಅವರ ಮುಂದೆ ಹೇಳ್ತೀರಾ? ನಮ್ಮಣ್ಣನಿಗೆ ಫೋನ್ ಮಾಡಿ ಹೇಳ್ತೀರಾ?"

"ಮಗನ ಮೇಲೆ ನಾನು ಹೇಗಮ್ಮ ಸಾಕ್ಷಿ ಹೇಳ್ಲಿ? ಸಾಯೋವರೆಗೆ ಅನ್ನ ಹಾಕೋನು ಅವನು."

"ಅವರು ತರ್ತಾರೆ. ಹಾಕೋಳು ನಾನು."

ಮಾವ ಕಂಬಳಿಯನ್ನು ತಲೆಯವರೆಗೂ ಎಳೆದುಕೊಂಡರು. ಕತ್ತಲಲ್ಲಿ ಅವರ ಉಬ್ಬಸ ಮಾತ್ರ ಕೇಳುತ್ತಿತ್ತು.

ಗಂಡ ಬಂದ ದಿನ ಅವಳು ಬಡಿಸುತ್ತಲೇ ಕೇಳಿದಳು. "ಅವತ್ತು ನಮ್ಮಣ್ಣನ ಫೋನ್ ಎತ್ತಿದ್ದು ಯಾರು?"

ಅವನು ತುತ್ತು ಬಾಯಿಗಿಡುವುದನ್ನೂ ನಿಲ್ಲಿಸಲಿಲ್ಲ. "ಅಪ್ಪ. ಗೊತ್ತಲ್ಲ ನಿನಗೆ? ಎಷ್ಟು ವರ್ಷ ಅದನ್ನೇ ಹಿಡ್ಕೊಂಡು ಕೂತಿರ್ತೀಯ? ವಯಸ್ಸಾದವರು, ಏನೋ ತಪ್ಪಾಯ್ತು, ಬಿಟ್ಟುಬಿಡು. ನೋಡು, ಇದಕ್ಕೆ ಉಪ್ಪೇ ಇಲ್ಲ."

ಪಕ್ಕದಲ್ಲಿ ಕೂತಿದ್ದ ಮಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮಗ ತನ್ನನ್ನು ಎರಡನೆಯ ಸಲ ಮುಂದಿಟ್ಟು ತಾನು ಹಿಂದೆ ನಿಂತದ್ದನ್ನು ಅವರು ಅನ್ನದ ಜೊತೆ ನುಂಗಿದರು. ಅವಳು ಉಪ್ಪು ತಂದಿಟ್ಟಳು.

ಮರುದಿನ ಮಗ ಆಫೀಸಿಗೆ ಹೋದ ಮೇಲೆ ಮಾವ ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ಹೇಳಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಏದುಸಿರು ಬಿಡುತ್ತ, ಬಗಲಲ್ಲಿ ಕಾಗದ ಸುತ್ತಿದ ಜಾಲರಿಯ ಸುರುಳಿ, ಕೈಯಲ್ಲಿ ಮೊಳೆಯ ಪೊಟ್ಟಣ ಹಿಡಿದು ಬಂದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಕೇಳಿದಾಗ ತಮ್ಮ ತೋಳು ಚಾಚಿ ತೋರಿಸಿದ್ದರಂತೆ. ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಸುರುಳಿಯನ್ನು ಅವಳ ಮುಂದೆ ಹಿಡಿದು ನಿಂತರು.

"ನನಗೆ ಸ್ಟೂಲ್ ಹತ್ತೋಕಾಗಲ್ಲ. ನೀನೇ ಹೊಡೆದುಬಿಡು ಮಗಳೇ. ಗಿಡ ಇರ್ಲಿ, ಗಿಡ ಬೇಡ ಅನ್ನಲ್ಲ. ಅವನು ಬರೋದ್ರೊಳಗೆ ಆಗಿಬಿಟ್ರೆ ಸಾಕು."

ಮಗಳೇ ಎಂದದ್ದು ಅದೇ ಮೊದಲು. ಅವಳು ಸುರುಳಿ ಇಸಿದುಕೊಂಡಳು. ಮಾವ ಹಾಲಿನ ಕುರ್ಚಿಗೆ ಹೋಗಿ ಕೂತು, ಸುಸ್ತಿಗೆ ಅಲ್ಲೇ ಕಣ್ಣು ಮುಚ್ಚಿದರು.

ಹಿತ್ತಲಲ್ಲಿ ಸ್ಟೂಲು ಹಾಕಿ, ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಅವಳು ಸುತ್ತಿಗೆ ಎತ್ತಿದಳು. ಮೇಲಿನ ಅಂಚು ಮುಗಿಯಿತು. ಬಲಗಡೆ ಮುಗಿಯಿತು. ಎಡಗಡೆ, ಕೆಳಗೆ. ಹೊಡೆಯುತ್ತ ಹೊಡೆಯುತ್ತ ಜಾಲರಿಯ ಆಚೆ ಕೋಣೆ ಮಸುಕಾಯಿತು: ಮಂಚ, ಕಂಬಳಿ, ದಿಂಬಿನ ಪಕ್ಕ ಹತ್ತಿಯ ಉಂಡೆಗಳು. ಉಳಿದದ್ದು ಗಿಡದ ಕಡೆಯ ಕೆಳಮೂಲೆ ಒಂದೇ. ತುಟಿಯಲ್ಲಿ ಉಳಿದದ್ದೂ ಒಂದೇ ಮೊಳೆ.

ಅವಳು ಸುತ್ತಿಗೆ ಇಳಿಸಿದಳು.

ಬೆವರಿಗಂಟಿದ ಆ ಅಂಗಿ ಕಣ್ಣಿಗೆ ಕಟ್ಟಿತು. ಚಾಚಿದ ತೋಳು ಕಣ್ಣಿಗೆ ಕಟ್ಟಿತು. ಅವರದು ಅರ್ಧ ತಪ್ಪು ಎಂದು ನ್ಯಾಯ ಹೇಳುವವರು ಹೇಳಬಹುದು. ಅರ್ಧ ತಪ್ಪಿಗೆ ಇಷ್ಟು ಸಾಕು ಎನ್ನಬಹುದು. ಆದರೆ ಈ ಮೂಲೆ ಮುಚ್ಚಿದರೆ ಅದರೊಂದಿಗೆ ಮುದುಕನ ಬಾಯಿಯೂ ಮುಚ್ಚುತ್ತದೆ. ಇವತ್ತು ರಾತ್ರಿ ಅವರು ನೆಮ್ಮದಿಯಾಗಿ ಮಲಗುತ್ತಾರೆ. ನಾಳೆ ದನಿ ಮರಳುತ್ತದೆ, ನಾಡಿದ್ದು ಫ್ಲಾಸ್ಕಿನ ಸದ್ದು ಕಿವಿಗೆ ಬೀಳುತ್ತದೆ. ಮಗ ಉಪ್ಪು ಕೇಳುತ್ತಾನೆ. ಅಣ್ಣ ಸಾಯುವವರೆಗೂ ಇಲ್ಲದ ಬಸ್ಸಿನ ಲೆಕ್ಕ ಹಾಕುತ್ತಾನೆ. ಅಮ್ಮ ಬಾಗಿಲು ನೋಡುತ್ತ ಹೋದದ್ದು ಸುಳ್ಳು ಮಾತು ನಂಬಿ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಹೇಳಬಲ್ಲ ನಾಲಿಗೆ ಈ ಜಗತ್ತಿನಲ್ಲಿ ಒಂದೇ, ಅದು ಭಯವಾದಾಗ ಮಾತ್ರ ಆಡುತ್ತದೆ.

ಬಿಸಿಲು ಗೋಡೆಯಿಂದ ಇಳಿದಿತ್ತು. ತೆನೆಯಲ್ಲಿ ಇವತ್ತಿನ ಮೊಗ್ಗುಗಳ ತುದಿ ಬಿಳಿಯಾಗಿ ಸಡಿಲಗೊಳ್ಳುತ್ತಿತ್ತು. ಗೋಡೆಯಾಚೆ ಟೈಲರಮ್ಮನ ಯಂತ್ರದ ಸದ್ದೂ ನಿಂತಿತ್ತು. ಕೇಳಲು, ಸಲಹೆ ಕೊಡಲು ಯಾರೂ ಇರಲಿಲ್ಲ.

ಅವಳು ತುಟಿಯಿಂದ ಮೊಳೆ ತೆಗೆದು ಒರೆಸಿ ನೈಟಿಯ ಜೇಬಿಗೆ ಹಾಕಿಕೊಂಡಳು. ಜಾಲರಿಯ ಮೂಲೆಯನ್ನು ಒಂದು ಕೈ ತೂರುವಷ್ಟು ಹೊರಕ್ಕೆ ಮಡಚಿದಳು. ಸ್ಟೂಲಿನಿಂದ ಇಳಿದು, ಆ ಸಂದಿಗೆ ಅಡ್ಡ ಬಂದಿದ್ದ ಒಂದು ಎಲೆಯನ್ನು ಪಕ್ಕಕ್ಕೆ ಸರಿಸಿದಳು.